ಟೀ ಮುಟ್ಟದ ಕಂತಿನ ಸಾರ್

ನಾನು ಮಹಿಳಾ ಸಂಘಗಳಿಗೆ ಸಾಲ ಕೊಟ್ಟು ವಾರವಾರ ಕಂತು ವಸೂಲಿ ಮಾಡೋ ಕಂಪನಿಯವನು. ತುಮಕೂರಲ್ಲಿ, ಸತ್ಯಮಂಗಲದ ಹತ್ರ ಒಂದು ರೂಮಲ್ಲಿ ಒಬ್ನೇ ಇದೀನಿ. ವಸೂಲಿಗೆ ಬಂದವನ ಜೊತೆ ಯಾರು ನಗ್ತಾರೆ ಹೇಳಿ? ಆದ್ರೂ ನಗೋ ಪ್ರಸಂಗಗಳು ಮಾತ್ರ ನನ್ನ ಬೈಕ್ ಹಿಂದೇನೇ ಬರ್ತವೆ.

ಅಮೃತೂರಿನ ಲೋಟ

ಸದಸ್ಯರ ಮನೇಲಿ ಟೀ ಇರ್ಲಿ, ನೀರೂ ಮುಟ್ಟಬಾರದು ಅನ್ನೋದು ಕಂಪನಿ ರೂಲ್ಸು. ಕುಣಿಗಲ್ ಕಡೆ ಅಮೃತೂರಲ್ಲಿ ಮೀಟಿಂಗ್ ನಡೆಯೋ ಮನೆಯ ಅಜ್ಜಿ ಇದನ್ನ ಒಪ್ಪಲೇ ಇಲ್ಲ. ವಾರವಾರ ಏಲಕ್ಕಿ ಹಾಕಿ ಟೀ ಕಾಸಿ ಮುಂದಿಡೋದು, ನಾನು ಅಂಗೈಯಲ್ಲಿ ಲೋಟ ಆಚೆ ಸರಿಸೋದು. ನನಗೋಸ್ಕರ ಅಂತ ಯಾರಾದ್ರೂ ಟೀ ಮಾಡಿ ಎಷ್ಟು ಕಾಲ ಆಗಿತ್ತೋ, ಏಲಕ್ಕಿ ಘಮ ಒಂದ್ಸಲ ಎಳ್ಕೊಂಡೇ ಸರಿಸ್ತಿದ್ದೆ. ಚೆಲ್ಲೋಕೆ ಮನಸ್ಸು ಬರದೆ ಅಜ್ಜೀನೇ ಕುಡಿಯೋರು. ಒಂದಿನ ಸಿಟ್ಟಾದ್ರು.

"ನಿನ್ ದೆಸೆಯಿಂದ ನಂಗೆ ಶುಗರ್ ಏರೈತೆ ಕಣಪ್ಪ. ಮಾತ್ರೆ ನಿಮ್ ಕಂಪನಿ ಕೊಡುಸ್ತದಾ?"

ಗುಬ್ಬಿಯ ಭಾನುವಾರ

ಒಂದು ಭಾನುವಾರ ರೂಮಲ್ಲಿ ಗೋಡೆ ನೋಡ್ಕೊಂಡು ಕೂತು ಬೇಜಾರಾಗಿ ಗುಬ್ಬಿಗೆ ಹೋದೆ. ಅಲ್ಲಿ ಸಂಘದ ಒಬ್ಬಾಕೆ ಹೂ ಕಟ್ಟಿ ಮಾರ್ತಾರೆ, ನಾಲ್ಕು ಮಾತಾಡಿ ಬರೋಣ ಅಂತ. ಬೈಕ್ ಸದ್ದಿಗೇ ಬಾಗಿಲು ಹಾಕ್ಕೊಳ್ತು. ಒಳಗಿಂದ ಆಕೆಯದೇ ದನಿ, ಮನೇಲಿ ಯಾರೂ ಇಲ್ಲ ಅಂತ. ಕಂತಿಗಲ್ಲಕ್ಕ, ಭಾನುವಾರ, ಸುಮ್ನೆ ಬಂದೆ ಅಂದೆ. ಒಳಗಿಂದ ಚಿಲಕ ಬಿದ್ದ ಸದ್ದು, ಹಿಂದೇನೇ ಅದೇ ದನಿ.

"ಭಾನುವಾರಾನೂ ಯಾರೂ ಇಲ್ಲ ಸಾರ್."

ನಮ್ ರೂಮಲ್ಲೂ ಅಷ್ಟೇ ಅಕ್ಕ, ಅನ್ಕೊಂಡು ಗಾಡಿ ತಿರುಗಿಸಿದೆ.

ಕಡಬದ ಸಂಘ

ಸಾಲ ಕೊಡೋ ಮುಂಚೆ ಸಂಘದವರಿಗೆ ಪಾಠ ಹೇಳೋನು ನಾನೇ: ಒಬ್ರು ಮೀಟಿಂಗಿಗೆ ಬರ್ಲಿಲ್ಲ ಅಂದ್ರೆ ಮಿಕ್ಕೋರು ಅವರ ಮನೆಗೆ ಹೋಗಿ ಕೂರಬೇಕು, ಅವರು ಎದ್ದು ಕಂತು ಕೊಡೋವರೆಗೂ ಏಳಬಾರದು.

ಮೊನ್ನೆ ಗುಬ್ಬಿ ಹತ್ರದ ಕಡಬದಲ್ಲಿ ಮೀಟಿಂಗ್ ಇದ್ದ ಬುಧವಾರ ನಂಗೆ ಜ್ವರ. ಹೊದ್ದು ಮಲಗಿದ್ದೆ. ಸತ್ರೂ ಓನರ್ ಬಾಡಿಗೆ ಕೇಳೋಕೆ ಬಂದಾಗಲೇ ಗೊತ್ತಾಗೋದು ಅನ್ನಿಸಿ ಅಳು ಬಂತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ನೋಡಿದ್ರೆ ಕಡಬದ ಸಂಘದ ಹೆಂಗಸರು! ಬ್ರಾಂಚಲ್ಲಿ ರೂಮು ಎಲ್ಲಿ ಅಂತ ಕೇಳ್ಕೊಂಡು, ಬಸ್ ಹತ್ತಿ ಬಂದವ್ರೆ. ಚಾಪೆ ಹಾಸಿ ಸಾಲಾಗಿ ಕೂತೇಬಿಟ್ರು. ಇದೇನಕ್ಕ ಅಂದೆ.

"ಬರ್ದೇ ಇದ್ದೋರ ಮನೇಲಿ ಕೂರ್ಬೇಕು ಅಂದೋರು ನೀವೇ ಅಲ್ವಾ ಸಾರ್," ಅಂದ್ರು ಲೀಡರಕ್ಕ.

ಒಬ್ರು ಗಂಜಿ ಕಾಸಿದ್ರು. ಇನ್ನೊಬ್ರು ರೂಮು ಗುಡಿಸ್ತಾ, ಇದೇನು ಮನೇನಾ ದನದ ಕೊಟ್ಟಿಗೇನಾ ಅಂತ ಬೈದ್ರು. ಆ ಬೈಗುಳ ಕೇಳ್ತಾ ಕೇಳ್ತಾ ಬೆವರು ಬಂದು ಜ್ವರ ಇಳೀತು. ಖುಷಿಗೆ ಎದ್ದು, ಏಲಕ್ಕಿ ಇಲ್ದಿದ್ರೂ ಟೀ ಮಾಡಿ ಎಲ್ಲರ ಮುಂದಿಟ್ಟೆ. ಲೀಡರಕ್ಕ ಅಂಗೈಯಲ್ಲಿ ಲೋಟ ಆಚೆ ಸರಿಸಿದ್ರು, ಥೇಟ್ ನನ್ನ ಹಾಗೇನೇ.

"ಬ್ಯಾಡ ಸಾರ್, ರೂಲ್ಸು. ನೀವು ಎದ್ರಲ್ಲ, ನಮ್ ಕೆಲ್ಸ ಆಯ್ತು. ಬರ್ತೀವಿ."

ಅಷ್ಟೂ ಟೀ ನಾನೇ ಕುಡಿದೆ. ಈಗ ಬುಧವಾರ ಬಂತು ಅಂದ್ರೆ ಬೆಳಗ್ಗೆ ಎದ್ದೋನೇ ಹಣೆ ಮುಟ್ಟಿ ನೋಡ್ಕೋತೀನಿ. ಹಾಳಾದ್ ಜ್ವರ, ಬೇಕಾದಾಗ ಬರಲ್ಲ.