ಟವೆಲ್ ಕೆಳಗಿನ ಬಿ.ಪಿ.

ಅಪ್ಪನ ನೆನಪಿನ ಶಕ್ತಿಯನ್ನು ಕಾಪಾಡುವವಳು ಇನ್ನು ತಾನೇ ಎಂದು ಅಮೂಲ್ಯ ಆದೋನಿಯ ತಮ್ಮ ಮನೆಯ ಹಾಲ್‌ನಲ್ಲಿ ನಿಂತು ಘೋಷಿಸಿದಾಗ, ಒಳಗೆ ಕುಕ್ಕರ್ ಕೂಡ ಗೌರವದಿಂದ ಒಂದು ಸೀಟಿ ಹೊಡೆಯಿತು!

ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿ. ಅವತ್ತಷ್ಟೇ ಕ್ಲಾಸಿನಲ್ಲಿ ಕೇಳಿ ಬಂದಿದ್ದಳು: ನಡುವಯಸ್ಸಿನಲ್ಲಿ ಬಿ.ಪಿ. ಏರಿಸಿಕೊಂಡು ಕೂತವರಿಗೆ ಮುಂದೆ ಅಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚಂತೆ. ಹಾಗೆ ಏರಿಸಿಕೊಂಡು ಕೂತವರು ಮನೆಯಲ್ಲೇ ಇದ್ದರಲ್ಲ! ಅವಳಪ್ಪ, ಹತ್ತಿ ವ್ಯಾಪಾರಿ ಮರಿಬಸಪ್ಪ. ಡಾಕ್ಟರು ಕೊಟ್ಟ ಗುಳಿಗೆಗಳು ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕ ಕೂತಿದ್ದವು. ದಿನಾ ದರ್ಶನವಾಗುತ್ತಿತ್ತು, ನುಂಗುವುದು ಮಾತ್ರ ಇರಲಿಲ್ಲ!

"ತಲಿನೋವಿಲ್ಲ, ತಲಿ ತಿರುಗಂಗಿಲ್ಲ. ಯಾಕ ನುಂಗ್ಲಿ?"

"ಬಿ.ಪಿ. ಹೇಳಿ ಕೇಳಿ ಬರಂಗಿಲ್ಲಪ್ಪಾ! ಒಳಗೊಳಗ ಮಿದುಳಿನ ರಕ್ತನಾಳ ಕೆಡಸ್ತೈತಿ!"

"ನನಗ ಮರೆವಾ? ನನ್ನ ಮದುವಿಯಾಗ ಎಂಟನೇ ಹೋಳಿಗಿ ಕೇಳಿದವರು ಯಾರಂತ ಈಗ್ಲೂ ಹೇಳ್ತೀನಿ!"

"ನೀವೇ ಕೇಳಿದ್ರಿ!" ಒಳಗಿನಿಂದ ಅಮ್ಮ ಶಿವಲಕ್ಷ್ಮಿಯ ದನಿ ಬಂತು.

ಆ ಕ್ಷಣದಿಂದ ಅಮೂಲ್ಯಳ ಆಡಳಿತ ಶುರು! ಉಪ್ಪಿನಕಾಯಿ ಭರಣಿ ಬೀರುವಿನೊಳಗೆ ಬಂದಿ. ಹಪ್ಪಳಕ್ಕೆ ಗಡೀಪಾರು. ಟೀಪಾಯಿ ಮೇಲೆ ಹೊಸ ಬಿ.ಪಿ. ಮಿಷನ್. ಅಳೆಯುವ ಮೊದಲು ಐದು ನಿಮಿಷ ತುಟಿ ಬಿಚ್ಚುವಂತಿಲ್ಲ ಎಂಬ ಶಾಸನ ಬೇರೆ.

ಭಾನುವಾರ ಬೆಳಿಗ್ಗೆ ಅಪ್ಪ ಎಡತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮೌನವಾಗಿ ಕೂತ. ಅಷ್ಟರಲ್ಲಿ ಬಂದವನು ದಲ್ಲಾಳಿ ದುರುಗಣ್ಣ, ಅಪ್ಪನ ಜೀವದ ಗೆಳೆಯ.

"ಮಾತಾಡಬ್ಯಾಡ್ರಿ ಮಾವ!" ಎಂದಳು ಅಮೂಲ್ಯ.

ದುರುಗಣ್ಣ ಸದ್ದಿಲ್ಲದೆ ಪಕ್ಕ ಕೂತ. ಅಪ್ಪ ಹೆಗಲ ಟವೆಲ್ ಎಳೆದು ಇಬ್ಬರ ಕೈ ಮೇಲೂ ಹೊದಿಸಿದ. ಟವೆಲ್ಲಿನ ಕೆಳಗೆ ಕೈ ಕೈ ಹಿಡಿದವು. ಅಮೂಲ್ಯ ಅದನ್ನು ಕಂಡಳು. ಅಯ್ಯೋ ಪಾಪ, ಅಪ್ಪ ಮಿಷನ್ನಿಗೆ ಹೆದರಿದ್ದಾನೆ, ಗೆಳೆಯ ಧೈರ್ಯ ತುಂಬುತ್ತಿದ್ದಾನೆ! ಎಂಥ ಸ್ನೇಹ! ತಡೆಯಲಾಗದೆ ತಾನೂ ಕೈ ತೂರಿಸಿ, ಸಿಕ್ಕ ದುರುಗಣ್ಣನ ಕೈಯನ್ನು ಐದೂ ಬೆರಳಿನಿಂದ ಅಮುಕಿದಳು. ಪ್ರೀತಿ ಉಕ್ಕಿ ಮತ್ತೆ ಅಮುಕಿದಳು. ಮತ್ತೆ, ಮತ್ತೆ!

ದುರುಗಣ್ಣನ ಕಣ್ಣು ಗೋಲಿಯಾದವು. ಅಪ್ಪ ಶಾಸನಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೇ "ಹೂಂ! ಹೂಂಹೂಂ!" ಎಂದು ಒದ್ದಾಡಿದ. ಒಪ್ಪಿಗೆ ಸಿಕ್ಕಿತೆಂದು ದುರುಗಣ್ಣ ಎದ್ದು ಹೊರಟೇಬಿಟ್ಟ. ಮಿಷನ್ ಕೀಂಯ್ ಎಂದಿತು. ನೂರಾ ಎಪ್ಪತ್ತೆರಡು!

ಸ್ವಲ್ಪ ಹೊತ್ತಿಗೆ ದುರುಗಣ್ಣ ಬುಟ್ಟಿ ಹೊತ್ತು ಬಂದ. ಮನೆಯೆಲ್ಲ ಮಿರ್ಚಿ ಬಜ್ಜಿಯ ಘಮಘಮ!

"ಇಪ್ಪತ್ತೆರಡು ಅದಾವ. ಮಾಡ್ಸೂದ್ರಾಗ ಅಂಗಡಿಯವನ ಎಣ್ಣಿನೇ ಖಾಲಿ ಆತು!"

"ಇಷ್ಟು ಬಜ್ಜಿ ಯಾರು ಹೇಳಿದ್ದು?" ಅಮೂಲ್ಯ ಕಿರುಚಿದಳು.

"ಮರಿಬಸಪ್ಪ ಎಂದಿನಂಗ ಭಾನುವಾರದ ಬಜ್ಜಿಗೆ ಎರಡೇ ಬೆರಳು ಹಿಡದ. ಆಮ್ಯಾಲ ನೋಡು, ಐದು ಬಂತು, ಮತ್ತೈದು, ಮತ್ತೈದು, ನಿಲ್ಲವಲ್ದು! ಮನಿಗೆ ಬೀಗರು ಬಂದಿರಬೇಕು ಅನ್ಕೊಂಡೆ."

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಹುಚ್ಚಿ! ಹತ್ತಿ ಮಾರ್ಕೆಟ್ ಯಾರ್ಡಿನಾಗ ಕಂಪ್ಯೂಟರ್ ಬಂದ್ರೂ ಈ ಇಬ್ಬರು ಹಳೇ ಚಾಳಿ ಬಿಟ್ಟಿಲ್ಲ. ಬಾಯಿಲೆ ದರ ಆಡಂಗಿಲ್ಲ, ಟವೆಲ್ ಕೆಳಗ ಬೆರಳು ಹಿಡೀತಾರ. ಒಂದು ಬೆರಳಂದ್ರ ಒಂದು, ಇಡೀ ಕೈ ಅಂದ್ರ ಐದು. ನಿನ್ನ ಕಣ್ಣೆದುರಿಗೇ ಬಜ್ಜಿ ತರಿಸ್ಯಾರ. ನೀನೂ ಕೈ ಹಾಕಿ ತರಿಸಿದಿ!"

ಅಮೂಲ್ಯಳ ಮುಖ ಬಜ್ಜಿಯಂತೆ ಊದಿತು. ಆಮೇಲೆ ಕಣ್ಣು ತುಂಬಿತು.

"ನಗ್ರಿ, ಎಲ್ಲಾರೂ ನಗ್ರಿ! ನಿನ್ನ ಹಡದವ್ವ ಎರ್ರಮ್ಮಜ್ಜಿ ಕಡೀಗೆ ನಿನ್ನನ್ನ ನೋಡಿ 'ಯಾರಪ್ಪಾ ನೀನು, ಉಂಡೇನು?' ಅಂತ ಕೇಳ್ತಿದ್ಲಲ್ಲಪ್ಪಾ. ಅವತ್ತು ನೀ ಹಿತ್ತಲಿಗೆ ಹೋಗಿ ಅತ್ತಿದ್ದು ನಾ ನೋಡೀನಿ. ನಾಳಿ ನೀ ನನಗ ಹಂಗ ಕೇಳಿದ್ರ ನಾ ಎಲ್ಲಿಗೆ ಹೋಗ್ಲಿ?"

ದುರುಗಣ್ಣ ಬುಟ್ಟಿಯನ್ನು ಮೆಲ್ಲಗೆ ಓಣಿಯ ಕಡೆ ಒಯ್ದ. ಅಪ್ಪ ಎದ್ದು ಜಗಲಿಯಿಂದ ಗುಳಿಗೆ ತಂದ, ನೀರಿನೊಂದಿಗೆ ಗುಟುಕ್ಕೆಂದು ನುಂಗಿದ. ಬಾಯಿ ತೆರೆದೂ ತೋರಿಸಿದ!

"ದಿನಾ ನುಂಗ್ತೀನಿ, ಸರೇನಾ? ವಾಕಿಂಗೂ ಹೊಕ್ಕೀನಿ. ಆದ್ರ ನೀನೂ ನನ್ನ ಜೋಡಿ ಬರಬೇಕು. ಮುಂಜಾನಿ ಎಷ್ಟು ಗಂಟಿಗೆ? ಬಾ, ಬೆರಳು ಹಿಡಿ." ಟವೆಲ್ ಹಾಸಿದ.

ಎಂಟಕ್ಕೆ ಮೊದಲು ಸೂರ್ಯನ ಮುಖವನ್ನೇ ಕಾಣದವಳು ಅಮೂಲ್ಯ. ಎಂಟೆಂದು ಹೇಳಲು ಬೆರಳು ಹೇಗೆ ಹಿಡಿಯಬೇಕೆಂದು ಲೆಕ್ಕ ಹಾಕುತ್ತಲೇ ಟವೆಲ್ಲಿನೊಳಗೆ ಕೈ ಹಾಕಿದಳು. ಅಪ್ಪನ ಒರಟು, ಬೆಚ್ಚನೆಯ ಅಂಗೈ ಸಿಕ್ಕಿತು. ಲೆಕ್ಕವೆಲ್ಲ ಹಾರಿಹೋಗಿ, ಪ್ರೀತಿಯಿಂದ ಇಡೀ ಕೈಯನ್ನು ಗಟ್ಟಿಯಾಗಿ ಅಮುಕಿಬಿಟ್ಟಳು!

"ಐದು ಗಂಟಿ! ವ್ಯಾಪಾರ ಮುಗೀತು!" ಅಪ್ಪ ಟವೆಲ್ ಝಾಡಿಸಿ ಹೆಗಲಿಗೇರಿಸಿದ.

ಮರುದಿನ ಇನ್ನೂ ಕತ್ತಲೆ. ಹೊದಿಕೆ ಎಳೆದವರು ಯಾರೆಂದು ನೋಡಿದರೆ, ಬೂಟು ಹಾಕಿ ನಿಂತ ಮರಿಬಸಪ್ಪ!

"ಏಳವ್ವಾ, ಐದಾತು!"

ಅಪ್ಪನ ನೆನಪಿನ ಮಹಾರಕ್ಷಕಿ ದಿಂಬು ತಬ್ಬಿಕೊಂಡು ಕೈ ಮುಗಿದಳು. "ಅಪ್ಪಾ, ಇದೊಂದನ್ನ ಮರೆತುಬಿಡಪ್ಪಾ!"

"ಮರಿಯೂದಾ?" ಅಪ್ಪ ಹೊದಿಕೆಯನ್ನು ಪೂರ್ತಿ ಕಿತ್ತುಕೊಂಡ. "ಗುಳಿಗಿ ನುಂಗೀನವ್ವಾ!"