ಯೀಸ್ಟಿಗೆ ಬಂದ ನಡುಕ

ಅವಮಾನಗಳು ಹೇಳಿ ಕೇಳಿ ಬರುವುದಿಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಆಸ್ಪತ್ರೆಯ ಮೇಟ್ರನ್, ಚಾದರದ ಮೇಲೆ ಒಂದು ಸುಕ್ಕನ್ನೂ ಸಹಿಸದವಳು ನಾನು; ನನ್ನನ್ನಂತೂ ಅವು ಹುಡುಕಿಕೊಂಡೇ ಬರುತ್ತವೆ. ಅದಿರಿನ ಲಾರಿಗಳ ಧೂಳಿಗೆ ಹೊಸಪೇಟೆಯ ನಮ್ಮ ವಾರ್ಡಿನ ಕಿಟಕಿಗಳೂ ಕೆಂಪಾಗುತ್ತಿದ್ದ ವರ್ಷಗಳವು. ಮಗಳು ಹೈದರಾಬಾದಿನಲ್ಲಿ ಕೈನಡುಕದ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಅವಳ ಪ್ರಯೋಗವೆಲ್ಲ ಯೀಸ್ಟಿನ ಮೇಲೆ. ನನ್ನ ಪಜೀತಿಯೆಲ್ಲ ಅದರಿಂದಲೇ.

ಬನ್ನು

"ಯೀಸ್ಟಿಗೆ ಕೈ ಇರ್ತಾವೇನ್ರಿ ಮೇಡಂ, ನಡುಗಾಕ?" ಎಂದು, ಮಗಳ ಸಂಶೋಧನೆಯ ಬಗ್ಗೆ ನಾನು ಕೊಚ್ಚಿಕೊಂಡಾಗ ಒಬ್ಬ ನರ್ಸ್ ಕೇಳಿದಳು.

ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ಇರುತ್ತವೆ. ಬರಿಗಣ್ಣಿಗೆ ಕಾಣುವುದಿಲ್ಲ" ಎಂದೆ.

ಸಂಜೆ ಚಹಾದ ಜೊತೆ ತರಿಸಿದ ಬನ್ನುಗಳು ಹಾಗೇ ಉಳಿದವು. ಏಕೆಂದು ಗದರಿದೆ.

"ಬನ್ನಿಗೆ ಯೀಸ್ಟ್ ಹಾಕಿರ್ತಾರಲ್ರಿ. ನಾವು ಲಿಂಗ ಕಟ್ಟಿದ ಮಂದಿ. ಕೈಕಾಲು ಇದ್ದದ್ದು ತಿನ್ನಂಗಿಲ್ರಿ!"

ಹೈದರಾಬಾದಿನವರು

ಮಗಳು ಫೋನಿನಲ್ಲಿ ತಿದ್ದಿದಳು. "ಅಮ್ಮ, ಯೀಸ್ಟಿಗೆ ಕೈಯೂ ಇಲ್ಲ, ಮೆದುಳೂ ಇಲ್ಲ. ರೋಗಿಗಳ ಮೆದುಳಿನ ಕೋಶದಲ್ಲಿ ಗಂಟುಗಟ್ಟೋ ಪ್ರೋಟೀನನ್ನೇ ಅದರೊಳಗೆ ಬೆಳೆಸ್ತೀವಿ. ಅದು ಸೊರಗುತ್ತೆ. ಯಾವ ಔಷಧಕ್ಕೆ ಚೇತರಿಸಿಕೊಳ್ಳುತ್ತೆ ಅಂತ ನೋಡ್ತೀವಿ. ಮೊನ್ನೆ ಒಂದಕ್ಕೆ ಲಕ್ಷಾಂತರ ಯೀಸ್ಟ್ ಕೋಶ ಚೇತರಿಸಿಕೊಂಡ್ವು."

ನನಗೆ ಅಷ್ಟು ಸಾಕಾಯಿತು. ವಾರ್ಡಿನಲ್ಲಿದ್ದ ಸಂಡೂರಿನ ಅದಿರು ಗುತ್ತಿಗೆದಾರನ ಹೆಂಡತಿ, ತನ್ನ ಮಾವನ ಕೈ ನಡುಗುತ್ತದೆ ಎಂದಾಗ, "ನನ್ನ ಮಗಳ ಯೀಸ್ಟಿನ ಔಷಧದಿಂದ ಲಕ್ಷಾಂತರ ಜೀವ ಉಳಿದಿವೆ" ಎಂದೆ.

"ಅಯ್ ಶಿವನೇ! ಯಾವೂರಾವ್ರಿ ಅವರೆಲ್ಲಾ?"

"ಎಲ್ಲಾ ಹೈದರಾಬಾದಿನವರೇ."

ಮೆಟ್ರಿಯ ಅಜ್ಜ

ಮಗಳು ರಜೆಗೆ ಬಂದ ಸುದ್ದಿ ತಿಳಿದದ್ದೇ ತಡ, ಆ ಗುತ್ತಿಗೆದಾರ ತನ್ನ ಹಳ್ಳಿ ಮೆಟ್ರಿಯಿಂದ ಅಪ್ಪನನ್ನು ಹೊಸ ಕಾರಿನಲ್ಲಿ ಕೂರಿಸಿಕೊಂಡು ಮನೆಗೇ ಬಂದ.

"ತಂಗೀ, ಆ ಯೀಸ್ಟು ಎಷ್ಟು ಲೋಡ್ ಬೇಕು ಹೇಳ್ರಿ. ಲಾರಿ ನಮ್ಮವೇ ಅದಾವು. ಅಪ್ಪಾಗ ಆರಾಮ ಆದ್ರ ಸಾಕು."

ಮಗಳು ನನ್ನತ್ತ ನೋಡಿದಳು. ನಾನು ಗೋಡೆಯತ್ತ ನೋಡಿದೆ.

ಅವಳು ಅಜ್ಜನ ಪಕ್ಕದಲ್ಲಿ ಕುಳಿತಳು. "ಅಜ್ಜ, ಔಷಧ ಇನ್ನೂ ಸಿಕ್ಕಿಲ್ಲ. ಯೀಸ್ಟಿಗೆ ಹಿಡಿಸಿದ್ದು ಮನುಷ್ಯರಿಗೆ ಹಿಡಿಸುತ್ತೋ ಇಲ್ಲವೋ ಗೊತ್ತಿಲ್ಲ. ನಿಮಗೆ ಸುಳ್ಳು ಹೇಳಲಾರೆ."

ಗುತ್ತಿಗೆದಾರನ ಮುಖ ಬಾಡಿತು. ಅಜ್ಜನ ಕೈಯಲ್ಲಿದ್ದ ಚಹಾ ನನ್ನ ಗಂಜಿ ಹಾಕಿದ ಮೇಜುಬಟ್ಟೆಯ ಮೇಲೆ ತುಳುಕಿತು. ಗದರುವ ಬದಲು ನಾನೇ ಒರೆಸಿದೆ.

"ಹೋಗ್ಲಿ ಬಿಡವ್ವಾ, ನನ್ನದು ಮುಗಿದ ಬಾಳೇವು. ಈ ಜಡ್ಡು ನನ್ನ ಮಗಗೂ ಬರ್ತೈತೇನು, ಅದನ್ನ ಹೇಳು."

"ಸಾಮಾನ್ಯವಾಗಿ ಬರೋದಿಲ್ಲ ಅಜ್ಜ. ಯೀಸ್ಟಿನಲ್ಲಂತೂ ತಾಯಿಕೋಶದಿಂದ ಮಗಳುಕೋಶ ಮೊಗ್ಗಿನ ಹಾಗೆ ಹುಟ್ಟುತ್ತೆ. ಆಗ ತಾಯಿ ಗಂಟುಗಳನ್ನ ಬಹುಪಾಲು ತಾನೇ ಇಟ್ಟುಕೊಂಡು, ಮಗಳನ್ನ ಚೊಕ್ಕವಾಗಿ ಕಳಿಸುತ್ತೆ."

ಅಜ್ಜ ನನ್ನನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ನನ್ನನ್ನು ನೋಡಿದ.

"ಖರೇ ಐತಿ ನೋಡವ್ವಾ. ನಿಮ್ಮವ್ವಾನೂ ಸುಳ್ಳೆಲ್ಲಾ ತಾನ ಇಟ್ಕೊಂಡು, ನಿನಗ ಒಂದೂ ಕೊಟ್ಟಿಲ್ಲ!"