ಅರ್ಜಿಯ ತುದಿಗೊಂದು ದೀಪ

ಅಲುಗಾಡುವ ಚಿತ್ರಗಳನ್ನು ಕಂಡರೆ ನನಗೆ ಆಗುವುದಿಲ್ಲ. ಬೆಳಿಗ್ಗೆ ಫೋನ್ ತೆರೆದರೆ ಸಾಕು, ಗುಲಾಬಿ ಅರಳುತ್ತದೆ, ಚಹಾ ಹಬೆಯಾಡುತ್ತದೆ. ಆ ಚಹಾ ಕುಡಿಯಲಿಕ್ಕೆ ಬರುವುದಿಲ್ಲ. ಹೇಳಲು ಏನೂ ಇಲ್ಲದವರು ಹೀಗೆಲ್ಲ ಕುಣಿಸುತ್ತಾರೆ ಎಂದು ಬಹಳ ಕಾಲ ನಂಬಿದ್ದೆ. ಹೇಳಲು ಬಹಳ ಇದ್ದು, ಕೇಳುವವರು ಯಾರೂ ಇಲ್ಲದವರೂ ಕುಣಿಸುತ್ತಾರೆ ಎಂಬುದು ಆಮೇಲೆ ತಿಳಿಯಿತು. ಏಕೆಂದರೆ ಕುಣಿಸಿದವನು ನಾನೇ.

ಉಮರ್ಗಾದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಕನ್ನಡ ಶಾಲೆಯ ಮಾಸ್ತರ. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆ ಎಂದ ಮೇಲೆ ಹೆಚ್ಚು ವಿವರಿಸಬೇಕಾಗಿಲ್ಲ. ನಾಲ್ಕು ತರಗತಿಗೆ ಒಂದೇ ಕೋಣೆ. ಜೊತೆಗಿದ್ದ ಗುರುಗಳು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರನ್ನು ಕೊಡದಿದ್ದರೆ ಶಾಲೆಯ ಬಾಗಿಲು ಮುಚ್ಚುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಕನ್ನಡ ಉಳಿಸಿ ಎಂದು ನಾನು ಜಿಲ್ಲಾ ಕಚೇರಿಗೆ ಮರಾಠಿಯಲ್ಲಿ ಮೇಲ್ ಬರೆಯುತ್ತಿದ್ದೆ. ಈ ನೆಪದಲ್ಲಿ ನನ್ನ ಮರಾಠಿ ಬಹಳ ಸುಧಾರಿಸಿತು, ಉತ್ತರ ಮಾತ್ರ ಬರಲಿಲ್ಲ. ಖುದ್ದಾಗಿ ಹೋಗಿ ನಿಂತರೆ ಅಲ್ಲಿನ ಸಾಹೇಬರು ಒಂದು ಮೇಲ್ ಮಾಡಿ ಎನ್ನುತ್ತಿದ್ದರು.

ನನ್ನ ಹೆಂಡತಿಯ ತಮ್ಮ ಶಿವರಾಜನಿಗೆ ಉದಗೀರದಲ್ಲಿ ಧಾನ್ಯದ ಅಡತಿ ಅಂಗಡಿ ಇದೆ. ಅವನು ಜೋಳದ ದರ ತಿಳಿಸುವ ಮೇಲ್‌ನಲ್ಲೂ ತೆನೆಗಳು ತೂಗಾಡುತ್ತವೆ, ನಡುವೆ ಯಾವ ಕಾರಣವೂ ಇಲ್ಲದೆ ಒಂದು ನವಿಲು ಗರಿ ಬಿಚ್ಚುತ್ತದೆ. ದಸರೆಗೆ ಮನೆಗೆ ಬಂದವನು ನನ್ನ ಅರ್ಜಿ ನೋಡಿ ಮುಖ ಸಿಂಡರಿಸಿದ. ನಮ್ಮ ಕಡೆ ಶುಭದ ಕಾಗದವಾದರೆ ಮೂಲೆಗಳಿಗೆ ಅರಿಶಿಣ ಕುಂಕುಮ ಹಚ್ಚಿರಬೇಕು. ಏನೂ ಹಚ್ಚದ ಕಾಗದ ಬಂತೆಂದರೆ ಸಾವಿನ ಸುದ್ದಿ. ಅದನ್ನು ಹೊರಗೇ ಓದಿ, ಹರಿದು ಹಾಕಿ ಒಳಗೆ ಬರುತ್ತಾರೆ. ಕಾಗದದ ಕಾಲ ಹೋದರೂ ಪೇಟೆಯ ಮಂದಿಗೆ ಆ ಅಂಜಿಕೆ ಹೋಗಿಲ್ಲ.

"ದಾಜಿ, ಹಿಂಗ ಬೋಳ ಕಳಸಿದ್ರ ಯಾರೋ ಸತ್ತಾರ ಅಂತ ತಿಳೀತಾರ್ರೀ," ಅಂದ. ಅಕ್ಕನ ಗಂಡನಿಗೆ ನಮ್ಮಲ್ಲಿ ದಾಜಿ ಎನ್ನುತ್ತಾರೆ. "ಸಾಹೇಬ್ರು ಯಾಕ ತಗದು ನೋಡ್ಯಾರು? ತುದೀಗಿ ಒಂದು ದೀಪರ ಹಚ್ರಿ."

ಸಿಟ್ಟು ಬಂತು. ಆದರೆ ದಾರಿ ಕಾಣದವನ ಸಿಟ್ಟು ಎಷ್ಟು ಹೊತ್ತು ನಿಂತೀತು? ಶಾಲೆ ಬಿಟ್ಟ ಮೇಲೆ ಕುಳಿತು ಫೋನಿನಲ್ಲಿ ಅಲುಗಾಡುವ ದೀಪದ ಚಿತ್ರ ಮಾಡಲು ಕಲಿತೆ. ಮೊದಲನೆಯ ದೀಪದಲ್ಲಿ ಜ್ವಾಲೆ ಅಡ್ಡಡ್ಡ ಉರಿಯಿತು. ಎರಡನೆಯದು ಮೇಲ್‌ನೊಳಗೆ ಹೋಗಿ ಅಲುಗದೆ ಕುಳಿತುಬಿಟ್ಟಿತು. ಕೊನೆಗೊಂದು ಸರಿಯಾಗಿ ಬಂತು. ಹಿತ್ತಾಳೆಯ ಹಣತೆ, ತುಸು ಬಾಗಿ ಮತ್ತೆ ನೆಟ್ಟಗಾಗುವ ಜ್ವಾಲೆ. ಅರ್ಜಿಯ ತುದಿಗೆ ಅಂಟಿಸಿ ಕಳಿಸಿದೆ.

ಮರುದಿನವೇ ಸಾಹೇಬರ ಫೋನ್ ಬಂತು. ಅವರು ದೀಪವನ್ನು ಮನಸಾರೆ ಹೊಗಳಿದರು, ಯಾರು ಮಾಡಿದ್ದೆಂದು ಕೇಳಿದರು, ತಮ್ಮ ಕಚೇರಿಯ ಮೇಲ್‌ಗಳಿಗೂ ಅಂಥದೊಂದು ಬೇಕೆಂದರು. ನಮ್ಮ ಶಾಲೆಯ ಮಾಸ್ತರರ ಜಾಗದ ವಿಷಯ ಕೇಳಿದಾಗ 'ಬಘೂಯಾ' ಎಂದರು. ನೋಡೋಣ ಎಂದು ಅದರ ಅರ್ಥ. ನಾನೋ, ದೀಪ ಕೇಳಿ ಪಡೆದವರು ನಮ್ಮನ್ನು ಕತ್ತಲಲ್ಲಿ ಬಿಡಲಾರರು ಎಂದುಕೊಂಡು, ನನ್ನದಕ್ಕಿಂತ ಚೆಂದದ ದೀಪ ಮಾಡಲು ಕುಳಿತೆ. ಹೆಂಡತಿ ಎರಡು ದಿನ ನೋಡಿದಳು.

"ಅವ್ರಿಗಿ ಬೇಕಾಗಿದ್ದು ದೀಪರೀ, ಸಾಲಿ ಅಲ್ಲ," ಅಂದಳು. "ನಿಮಗ್ಯಾಕ ತಿಳೀವಲ್ದು?"

ಹೋದ ವಾರ ಕಚೇರಿಯಿಂದ ಮೇಲ್ ಬಂತು. ಜೂನ್‌ನಿಂದ ಕನ್ನಡ ಶಾಲೆ ಬಂದ್, ಮಕ್ಕಳು ಮರಾಠಿ ಶಾಲೆಗೆ, ನಾನು ದೂರದ ಇನ್ನೊಂದು ಊರಿಗೆ. ಕೆಳಗೆ ಸಾಹೇಬರ ಸಹಿ, ಸಹಿಯ ಕೆಳಗೆ ನಾನು ಮಾಡಿ ಕಳಿಸಿದ್ದ ದೀಪ. ಸಾವಿನ ಕಾಗದಕ್ಕೆ ಅರಿಶಿಣ ಕುಂಕುಮ ಹಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪದ್ಧತಿಯಂತೆ ಫೋನ್ ಹಿಡಿದು ಅಂಗಳಕ್ಕೆ ಬಂದೆ. ಹರಿದು ಹಾಕಲು ಬರುವುದಿಲ್ಲ, ಅಳಿಸಿಯಾದರೂ ಒಳಗೆ ಹೋಗೋಣವೆಂದು ಬೆರಳು ಎತ್ತಿದೆ. ಅಷ್ಟರಲ್ಲಿ, ಜ್ವಾಲೆ ಅಡ್ಡವಾಗದೆ ಉರಿಯುತ್ತಿದೆಯೋ ಇಲ್ಲವೋ ಒಮ್ಮೆ ನೋಡೋಣ ಅನ್ನಿಸಿತು. ನೆಟ್ಟಗೆ ಉರಿಯುತ್ತಿತ್ತು. ಅಳಿಸಲು ಮನಸ್ಸಾಗಲಿಲ್ಲ.